ನಾಲ್ಕನೇ ದಿಕ್ಕಿನಲ್ಲಿ ಚಾದರ ನೇಯಲಾಗದು

ಕೋಣೆಯ ಮೂಲೆಯೊಂದನ್ನು ನೋಡಿ. ಎರಡು ಗೋಡೆ, ಒಂದು ನೆಲ, ಅವು ಕೂಡುವಲ್ಲಿ ಮೂರು ಗೆರೆ. ಪ್ರತಿ ಗೆರೆಯೂ ಉಳಿದೆರಡಕ್ಕೆ ಲಂಬ. ಈ ಮೂರಕ್ಕೂ ಲಂಬವಾಗುವಂತೆ ನಾಲ್ಕನೆಯದೊಂದನ್ನು ಎಳೆಯಿರಿ ಎಂದರೆ ಎಂಥ ಜಾಣನ ಕೈಯೂ ಗಾಳಿಯಲ್ಲೇ ನಿಲ್ಲುತ್ತದೆ. ಯಾವ ಕಡೆ ಎಳೆದರೂ ಅದು ಹಳೆಯ ಮೂರರಲ್ಲಿ ಒಂದರತ್ತ ವಾಲುತ್ತದೆ.

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಗಳ ಮಕ್ಕಳಿಗೆ ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲೇ ಅಚ್ಚು ಹಾಕಿಸಿದ ಗಣಿತದ ಪುಸ್ತಕ ಸಿಗುತ್ತದೆ. ಬೀಜಗಣಿತ ಭಾಗ 1ರಲ್ಲಿ, ರೇಖಾಗಣಿತ ಭಾಗ 2ರಲ್ಲಿ. ಒಂಬತ್ತನೇ ತರಗತಿಯ ಭಾಗ 2ರಲ್ಲಿ ಕಾಗದದ ಮೇಲಿನ ಚುಕ್ಕೆಗೆ ಎರಡು ಸಂಖ್ಯೆಗಳ ವಿಳಾಸ ಕೊಡುವುದನ್ನು ಕಲಿಸುತ್ತಾರೆ. ಚುಕ್ಕೆ ಕಾಗದದಿಂದ ಮೇಲೆದ್ದು ಕೋಣೆಗೆ ಬಂದರೆ ಮೂರು ಸಂಖ್ಯೆ ಬೇಕು. ನಾಲ್ಕು ಸಂಖ್ಯೆ ಬರೆದರೆ ಏನಾಗುತ್ತದೆ? ರೇಖಾಗಣಿತದ ವಹಿ ತಕರಾರು ತೆಗೆಯುತ್ತದೆ, ಬೀಜಗಣಿತದ ವಹಿ ಸುಮ್ಮನೆ ಬರೆದುಕೊಳ್ಳುತ್ತದೆ. ಆಯತದ ಕರ್ಣ ಬೇಕಾದರೆ ಎರಡು ಬಾಹುಗಳ ವರ್ಗ ಕೂಡಿಸಿ ಮೂಲ ತೆಗೆಯುತ್ತೇವೆ, ಪೆಟ್ಟಿಗೆಯ ಕರ್ಣಕ್ಕೆ ಮೂರರ ವರ್ಗ ಕೂಡಿಸುತ್ತೇವೆ. ನಾಲ್ಕರ ವರ್ಗ ಕೂಡಿಸಿದರೆ ಲೆಕ್ಕ ಎಲ್ಲಿಯೂ ತಡೆಯುವುದಿಲ್ಲ. ಎಲ್ಲ ಬಾಹುಗಳೂ ಒಂದೊಂದು ಮಾನದ ನಾಲ್ಕು ಆಯಾಮದ ಘನದ ಕರ್ಣ ನಾಲ್ಕರ ವರ್ಗಮೂಲ, ಅಂದರೆ ನೆಟ್ಟಗೆ 2. ಮೂರು ಆಯಾಮದ ನಮ್ಮ ಘನಕ್ಕೆ ಮೂರರ ವರ್ಗಮೂಲವೆಂಬ ಮುಗಿಯದ ದಶಮಾಂಶ. ಕಾಣದ ಘನದ ಲೆಕ್ಕವೇ ಚೊಕ್ಕ.

1854ರ ಜೂನ್ 10ರಂದು ಗಾಟಿಂಗೆನ್ನಿನಲ್ಲಿ ಬರ್ನ್‌ಹಾರ್ಡ್ ರೀಮನ್ ಕೊಟ್ಟ ಉಪನ್ಯಾಸ ರೇಖಾಗಣಿತಕ್ಕೆ ಬಾಗಿಲು ತೆರೆದದ್ದು ಇದೇ ಕಡೆಯಿಂದ. ಎಷ್ಟು ಸ್ವತಂತ್ರ ಸಂಖ್ಯೆಗಳು ಬೇಕೋ ಅಷ್ಟು ಆಯಾಮ. ಮುಂದಿನದ್ದೆಲ್ಲ ಚುಕ್ಕೆಗಳ ನಡುವಿನ ದೂರವನ್ನು ಅಳೆಯುವ ರೀತಿ. ಈ ವಿಷಯದಲ್ಲಿ ನಮ್ಮನ್ನು ದಾರಿ ತಪ್ಪಿಸುವುದು ಬುದ್ಧಿಯ ಕೊರತೆಯಲ್ಲ, ಕಾಣಲೇಬೇಕೆಂಬ ಹಟ ಎಂಬುದು ನನ್ನ ಎಣಿಕೆ. ಕಾಣದ್ದನ್ನು ಕಾಣದೆಯೇ ಲೆಕ್ಕ ಹಾಕಿದವರ ಪುಸ್ತಕಗಳು, ಹಾಗೆ ಲೆಕ್ಕ ಹಾಕಿ ನೇಯುವ ಯಂತ್ರಗಳು, ಎರಡೂ ಸೊಲ್ಲಾಪುರದಲ್ಲಿವೆ.

ಪುಸ್ತಕಗಳಿಂದ ಶುರುಮಾಡೋಣ. ಸೊಲ್ಲಾಪುರ ಅಂದರೆ ಸಿದ್ಧರಾಮನ ಸೊನ್ನಲಿಗೆ, ಚಾದರ, ಶೇಂಗಾ ಚಟ್ನಿ ಎನ್ನುವವರು ಬಹಳ. ಜೈನ ಗಣಿತದ ಅಚ್ಚಿನ ಊರು ಅದು ಎಂಬುದು ಅಷ್ಟಾಗಿ ಬಾಯಿಗೆ ಬರುವುದಿಲ್ಲ. ಅಲ್ಲಿನ ಜೀವರಾಜ ಗೌತಮಚಂದ ದೋಶಿ ಎಂಬ ಶ್ರೀಮಂತರು ಬ್ರಹ್ಮಚರ್ಯ ವ್ರತ ಹಿಡಿದು, ಆಸ್ತಿಯನ್ನು ಗ್ರಂಥ ಪ್ರಕಟಣೆಗೆ ಬರೆದುಕೊಟ್ಟರು. ಅದರಿಂದ ಹುಟ್ಟಿದ್ದು ಜೈನ ಸಂಸ್ಕೃತಿ ಸಂರಕ್ಷಕ ಸಂಘ, ಅದರ ಜೀವರಾಜ ಜೈನ ಗ್ರಂಥಮಾಲೆ. ಮಾಲೆಯ ಮೊದಲ ಪುಸ್ತಕ ಯತಿವೃಷಭನ ಪ್ರಾಕೃತ ಗ್ರಂಥ ‘ತಿಲೋಯಪಣ್ಣತ್ತಿ’. ಒಂದನೇ ಸಂಪುಟ 1943ರಲ್ಲಿ, ಎರಡನೆಯದು 1951ರಲ್ಲಿ. ಸಂಪಾದಕರು ಹೀರಾಲಾಲ್ ಜೈನ್ ಮತ್ತು ನಮ್ಮ ಆ.ನೇ. ಉಪಾಧ್ಯೆ. ಉಪಾಧ್ಯೆಯವರು ಚಿಕ್ಕೋಡಿ ಸೀಮೆಯ ಸದಲಗದವರು, ಕೊಲ್ಲಾಪುರದಲ್ಲಿ ಪಾಠ ಹೇಳಿದವರು, 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು. 1963ರಲ್ಲಿ ಅದೇ ಮಾಲೆಯಿಂದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ ಲಕ್ಷ್ಮೀಚಂದ್ರ ಜೈನರ ಹಿಂದಿ ಅನುವಾದದೊಂದಿಗೆ ಬಂತು. ಮಹಾವೀರಾಚಾರ್ಯ ಒಂಬತ್ತನೇ ಶತಮಾನದವನು, ಅಮೋಘವರ್ಷ ನೃಪತುಂಗನನ್ನು ಗ್ರಂಥದ ಮೊದಲಿಗೇ ಹೊಗಳಿದವನು. ಕವಿರಾಜಮಾರ್ಗದ ಕಾಲದ ಲೆಕ್ಕಿಗ ಎನ್ನಬಹುದು.

ಇನ್ನೊಂದು ಹಳೆಯ ನಂಟೂ ಇದೆ. ‘ಧವಲಾ’ ಎಂಬ ಜೈನ ಟೀಕಾಗ್ರಂಥದ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ, ಮೂಡಬಿದಿರೆಯ ಬಸದಿಯಲ್ಲಿ, ದರ್ಶನಕ್ಕೆ ಮಾತ್ರ ಸಿಗುವಂತೆ ಇದ್ದವು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅವುಗಳ ನಕಲು ಮಾಡಿಸಲು ಓಡಾಡಿದವರಲ್ಲಿ ಸೊಲ್ಲಾಪುರದ ಹೀರಾಚಂದ ನೇಮಚಂದರು ಪ್ರಮುಖರು. ನಕಲಿಗೆ ಕೂತವರಲ್ಲಿ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಇದ್ದರು. ಮುಂದೆ ಅದರ ಪರಿಷ್ಕೃತ ಮುದ್ರಣಗಳನ್ನು ಸೊಲ್ಲಾಪುರದ ಸಂಘವೇ ಹೊರತಂದಿತು.

ಈ ಗ್ರಂಥಗಳಲ್ಲಿ ಇರುವುದೇನು? ಇಡೀ ಲೋಕದ ಅಳತೆ. ಕಾಲಗಲಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತ ಮನುಷ್ಯನ ಆಕಾರ ಲೋಕಕ್ಕೆ. ಎತ್ತರ 14 ರಜ್ಜು. ಬುಡದಲ್ಲಿ ಅಗಲ 7 ರಜ್ಜು, ಸೊಂಟದಲ್ಲಿ 1, ಮೊಣಕೈ ಮಟ್ಟದಲ್ಲಿ 5, ನೆತ್ತಿಯಲ್ಲಿ ಮತ್ತೆ 1. ಹಿಂದುಮುಂದಿನ ದಪ್ಪ ಎಲ್ಲೆಡೆ 7. ರಜ್ಜು ಎಂದರೆ ಎಷ್ಟು ಗಾವುದ ಎಂದು ಕೇಳಬೇಡಿ. ಅದು ದ್ವೀಪ ಸಮುದ್ರಗಳನ್ನೆಲ್ಲ ದಾಟುವ ಅಳತೆ. ಕೆಳಗಿನ ಅರ್ಧದ ಎತ್ತರ 7, ಸರಾಸರಿ ಅಗಲ 4, ದಪ್ಪ 7: ಗುಣಿಸಿದರೆ 196. ಮೇಲಿನ ಅರ್ಧದ ಎತ್ತರ 7, ಸರಾಸರಿ ಅಗಲ 3, ದಪ್ಪ 7: 147. ಕೂಡಿಸಿದರೆ 343. ಅದು ಏಳರ ಘನ.

ಇಲ್ಲಿಯೇ ಒಂದು ಜಗಳವಿದೆ, ನನಗೆ ಅದೇ ಹೆಚ್ಚು ಇಷ್ಟ. ಲೋಕ ಮೃದಂಗದಂತೆ ದುಂಡಗಿದೆ ಎಂಬ ಅಭಿಪ್ರಾಯವೂ ಚಾಲ್ತಿಯಲ್ಲಿತ್ತು. ರಾಷ್ಟ್ರಕೂಟರ ಕಾಲದಲ್ಲಿ ಧವಲಾ ಬರೆದ ವೀರಸೇನ, ದುಂಡಗಿದ್ದರೆ ಏನಾಗುತ್ತದೆ ನೋಡೋಣ ಎಂದು ಲೆಕ್ಕಕ್ಕೆ ಕೂತ. ದುಂಡು ಆಕೃತಿಯನ್ನು ಸೀಳಿ, ಸೀಳನ್ನು ಬಿಡಿಸಿ, ಉಳಿದ ತುಣುಕುಗಳನ್ನು ಮತ್ತೆ ಮತ್ತೆ ಕತ್ತರಿಸುತ್ತ ಕೊನೆಯಿಲ್ಲದ ಸರಣಿಯೊಂದರ ಮೊತ್ತ ಹಿಡಿದ. ಬಂದದ್ದು ಸುಮಾರು 164 ಘನ ರಜ್ಜು. ಪರಂಪರೆ ಹೇಳುವ ಏಳರ ಘನಕ್ಕೆ ಅದು ಅರ್ಧವೂ ಆಗಲಿಲ್ಲ. ಹಾಗಾಗಿ ಲೋಕ ದುಂಡಗಿಲ್ಲ, ಆಯತಾಕಾರವಾಗಿದೆ ಎಂದು ತೀರ್ಮಾನಿಸಿದ. ಆ ಲೋಕ ನಿಜವೋ ಅಲ್ಲವೋ, ಅದು ಬೇರೆ ಮಾತು. ಹೊರಗೆ ನಿಂತು ನೋಡಲಾಗದ ವಸ್ತುವಿನ ಆಕಾರವನ್ನು ಒಳಗೆ ಕೂತೇ, ಲೆಕ್ಕದ ಸಾಕ್ಷ್ಯದಿಂದ ತೀರ್ಮಾನಿಸಬಹುದೆಂಬ ಧೈರ್ಯ ಮಾತ್ರ ನಿಜ. ಇವತ್ತಿನ ವಿಶ್ವವಿಜ್ಞಾನಿಯ ಕೈಯಲ್ಲಿರುವುದೂ ಅದೇ ಧೈರ್ಯ, ಜೊತೆಗೆ ದೂರದರ್ಶಕ.

ಇದಕ್ಕಿಂತ ಸ್ವಾರಸ್ಯದ ಇನ್ನೊಂದು ಲೆಕ್ಕವಿದೆ. ಒಂದು ಪರಮಾಣು ಕೂರುವಷ್ಟು ಜಾಗಕ್ಕೆ ಪ್ರದೇಶ ಎಂದು ಹೆಸರು. ಆಕಾಶವೆಲ್ಲ ಪ್ರದೇಶಗಳ ಸಾಲು. ಒಂದು ದೇಹ ಬಿಟ್ಟ ಜೀವ ಇನ್ನೊಂದು ದೇಹಕ್ಕೆ ಹೋಗುವಾಗ ಈ ಸಾಲು ಹಿಡಿದೇ ನೆಟ್ಟಗೆ ಹೋಗಬೇಕು, ಓರೆಯಾಗಿ ಹಾಯುವಂತಿಲ್ಲ. ತಿರುವಿಲ್ಲದೆ ಹೋದರೆ ಇಷುಗತಿ, ಬಾಣದಂತೆ. ಒಂದು ತಿರುವಾದರೆ ಪಾಣಿಮುಕ್ತಾ, ಎರಡಾದರೆ ಲಾಂಗಲಿಕಾ, ಮೂರಾದರೆ ಗೋಮೂತ್ರಿಕಾ. ಮೂರಕ್ಕಿಂತ ಹೆಚ್ಚು ತಿರುವಿಲ್ಲ, ನಾಲ್ಕನೇ ಕ್ಷಣಕ್ಕೆ ಜೀವ ಹುಟ್ಟಿಯೇ ಬಿಡುತ್ತದೆ. ಲಾಂಗಲ ಎಂದರೆ ನೇಗಿಲು, ಗೋಮೂತ್ರಿಕೆ ಎಂದರೆ ನಡೆಯುವ ಎತ್ತಿನ ಉಚ್ಚೆಯ ಗೆರೆ. ಹೆಸರಿಟ್ಟವರು ಒಕ್ಕಲುತನ ಕಂಡವರು.

ತಿರುವುಗಳನ್ನು ಎಣಿಸಿದರೆ ಆಯಾಮ ಸಿಗುತ್ತದೆ. ಹಾಳೆಯ ಮೇಲಿನ ಚೌಕುಳಿಯಲ್ಲಿ ಎಲ್ಲಿಂದ ಎಲ್ಲಿಗೆ ಹೋಗಲೂ ಒಂದು ತಿರುವು ಸಾಕು. ಪೆಟ್ಟಿಗೆಯೊಳಗೆ ಎರಡು. ನಾಲ್ಕು ಆಯಾಮದ ಪೆಟ್ಟಿಗೆಯಾದರೆ ಮೂರು. ಹಾಗಾದರೆ ಗೋಮೂತ್ರಿಕೆಯ ಮೂರು ತಿರುವು ನಾಲ್ಕನೇ ಆಯಾಮವನ್ನು ಹೇಳುತ್ತಿದೆಯೇ ಎಂದು ಕುಣಿಯುವವರು ಇದ್ದಾರು. ಇಲ್ಲ. ಲೋಕ ಪೂರಾ ಪೆಟ್ಟಿಗೆಯಲ್ಲ, ಅದಕ್ಕೆ ಸೊಂಟವಿದೆ, ಮೂಲೆಗಳಿವೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುವಾಗ ಸೊಂಟ ಬಳಸಿ ಹೋಗಬೇಕಾಗಿ ಮೂರನೇ ತಿರುವು ಬರುತ್ತದೆ. ವ್ಯಾಖ್ಯಾನಕಾರರೇ ಈ ಕಾರಣ ಕೊಟ್ಟಿದ್ದಾರೆ. ಹಳೆಯ ಗ್ರಂಥದೊಳಗೆ ಹೊಸ ವಿಜ್ಞಾನ ಹುಡುಕಲು ಹೊರಟವರು ಹಳೆಯ ಗ್ರಂಥದ ಜಾಣತನವನ್ನೇ ಕಾಣದೆ ಬರುತ್ತಾರೆ.

ಇನ್ನು ಯಂತ್ರ. ಮುರಾರ್ಜಿ ಗೋಕುಲದಾಸರು 1877ರಲ್ಲಿ ಸ್ಥಾಪಿಸಿದ ಗಿರಣಿಯನ್ನು ಊರವರು ಜೂನಿ ಮಿಲ್ ಎಂದೇ ಕರೆದರು. ಅದು ಮುಚ್ಚಿ ಎಷ್ಟೋ ಕಾಲವಾಯಿತು. ಮಗ್ಗಗಳು ಉಳಿದವು, ತೆಲುಗು ಸೀಮೆಯಿಂದ ಬಂದು ನೆಲೆನಿಂತ ಪದ್ಮಶಾಲಿ ಮನೆತನಗಳ ಕೈಯಲ್ಲಿ ಸೊಲ್ಲಾಪುರಿ ಚಾದರ ಹೆಸರಾಯಿತು, ಭೌಗೋಳಿಕ ಗುರುತಿನ ಪಟ್ಟಿಗೂ ಸೇರಿತು. ಚಾದರದ ಮೇಲೆ ನವಿಲೋ ಹೂವೋ ಮೂಡಬೇಕಾದರೆ ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಬೇಕು. ಫ್ರಾನ್ಸಿನ ಲಿಯಾನ್‌ನಲ್ಲಿ ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಉಪಾಯ ಅದು. ಹಳೆಯ ಬಗೆಯದರಲ್ಲಿ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರಮಾಲೆ. ತೂತಿರುವ ಕಡೆ ಸೂಜಿ ಒಳಹೊಕ್ಕು ಹುಕ್ಕು ತನ್ನ ಜಾಗದಲ್ಲೇ ನಿಂತು ಹಾಸಿನ ಎಳೆಯನ್ನು ಎತ್ತುತ್ತದೆ. ತೂತಿಲ್ಲದಿದ್ದರೆ ರಟ್ಟು ಸೂಜಿಯನ್ನು ನೂಕಿ ಹುಕ್ಕನ್ನು ಜಾರಿಸುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ಎದ್ದ ಎಳೆಗಳ ಕೆಳಗೆ ಲಾಳಿ ಹಾಯುತ್ತದೆ. ಒಂದು ಹೊಕ್ಕಿಗೆ ಒಂದು ಕಾರ್ಡು. ಈಗ ಕಾರ್ಡಿನ ಬದಲು ಕಂಪ್ಯೂಟರ್ ಫೈಲು ಬಂದಿರುವ ಕಡೆಯೂ ಏಳು, ಬೀಳು ಎಂಬ ಆಜ್ಞೆ ಬದಲಾಗಿಲ್ಲ.

ಹುಕ್ಕುಗಳ ಸಂಖ್ಯೆ ಯಂತ್ರದಿಂದ ಯಂತ್ರಕ್ಕೆ ಬೇರೆ. 400 ಎಂಬುದು ಹಳೆಯದೊಂದು ಮಾಮೂಲು ಅಳತೆ. ಅಂಥ ಯಂತ್ರದ ಒಂದು ಕಾರ್ಡು ಎಂದರೆ 400 ಸ್ವತಂತ್ರ ತೀರ್ಮಾನಗಳು, ಪ್ರತಿಯೊಂದೂ ತೂತು ಅಥವಾ ರಟ್ಟು, 1 ಅಥವಾ 0. ರೀಮನ್ ಹೇಳಿದ ರೀತಿಯಲ್ಲಿ ನೋಡಿದರೆ ಆ ಕಾರ್ಡು 400 ಆಯಾಮದ ಘನವೊಂದರ ಒಂದು ಮೂಲೆ. ಇದು ಹೋಲಿಕೆಯ ಮಾತಲ್ಲ, ವ್ಯಾಖ್ಯೆಯೇ. ಚೌಕಕ್ಕೆ 4 ಮೂಲೆ, ಘನಕ್ಕೆ 8, ನಾಲ್ಕು ಆಯಾಮದ್ದಕ್ಕೆ 16. ಒಂದೊಂದು ಆಯಾಮಕ್ಕೂ ದುಪ್ಪಟ್ಟು. 400 ಸಲ ದುಪ್ಪಟ್ಟು ಮಾಡಿದರೆ ಬರುವ ಸಂಖ್ಯೆ ಬರೆಯಲು 121 ಅಂಕೆ ಬೇಕು. ಮಹಾವೀರಾಚಾರ್ಯ ಹೆಸರಿಟ್ಟ ಸ್ಥಾನಗಳು 24, ಕೊನೆಯದು ಮಹಾಕ್ಷೋಭ. ಸೊಲ್ಲಾಪುರದ ಕಾರ್ಡುಗಳ ಲೆಕ್ಕಕ್ಕೆ ಮಹಾಕ್ಷೋಭವೂ ಸಾಲದು.

ಆದರೆ ಅವನ ಸೂತ್ರ ಸಾಕು. ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ರೀತಿಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರವೊಂದನ್ನು ಗಣಿತಸಾರಸಂಗ್ರಹದಲ್ಲಿ ಕೊಟ್ಟಿದ್ದಾನೆ: ಇಳಿಯುವ ಸಂಖ್ಯೆಗಳನ್ನು ಗುಣಿಸಿ, ಒಂದರಿಂದ ಏರುವ ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸು. ಉಪ್ಪು, ಹುಳಿ, ಖಾರ, ಸಿಹಿ, ಕಹಿ, ಒಗರು ಎಂಬ ಆರು ರಸಗಳಲ್ಲಿ ಎಷ್ಟು ಬಗೆಯ ಮಿಶ್ರಣ ಸಾಧ್ಯ ಎಂಬುದಕ್ಕೆ 6, 15, 20, 15, 6, 1 ಕೂಡಿಸಿ 63 ಬರುತ್ತದೆ. ಏನೂ ಹಾಕದ ಸಪ್ಪೆಯನ್ನೂ ಸೇರಿಸಿದರೆ 64, ಆರು ಆಯಾಮದ ಘನದ ಮೂಲೆಗಳಷ್ಟು. ಈಗ ಕಾರ್ಡಿಗೆ ಬನ್ನಿ. ಒಂದು ಕಾರ್ಡಿಗಿಂತ ಮೂರೇ ಮೂರು ತೂತುಗಳಲ್ಲಿ ಬೇರೆಯಾಗುವ ಕಾರ್ಡುಗಳು ಎಷ್ಟು? 400, 399, 398 ಗುಣಿಸಿ 1, 2, 3ರ ಗುಣಲಬ್ಧದಿಂದ ಭಾಗಿಸಿ: 1,05,86,800. ಮೂರು ತೂತು ತಪ್ಪಿದರೆ ನವಿಲಿನ ಕಣ್ಣು ಕೆಡಬಹುದು, ಅದು ಕೆಡಬಹುದಾದ ರೀತಿಗಳೇ ಒಂದು ಕೋಟಿ ಮೀರಿದವು.

ಎಷ್ಟು ತೂತು ಬೇರೆಯೋ ಅಷ್ಟು ದೂರ ಎಂದು ಇಟ್ಟುಕೊಳ್ಳುವ ಈ ಅಳತೆಯನ್ನು 1950ರಲ್ಲಿ ರಿಚರ್ಡ್ ಹ್ಯಾಮಿಂಗ್ ತಂತಿಯಲ್ಲಿ ಹೋಗುವ ಸಂದೇಶಗಳ ತಪ್ಪು ತಿದ್ದಲು ಬಳಸಿದ. ಹೆಚ್ಚು ಆಯಾಮದ ವಿಚಿತ್ರವೊಂದು ಇಲ್ಲಿ ಕೈಗೆ ಸಿಗುತ್ತದೆ. ಕಣ್ಣು ಮುಚ್ಚಿ ತೂತು ಹೊಡೆದ ಎರಡು ಕಾರ್ಡುಗಳನ್ನು ತೆಗೆದುಕೊಳ್ಳಿ. ಅವುಗಳ ದೂರ 200ರ ಆಸುಪಾಸು. ಸಾವಿರ ಜೋಡಿ ತೆಗೆದರೂ ಎರಡು ಮೂರನ್ನು ಬಿಟ್ಟು ಉಳಿದವೆಲ್ಲ 170 ಮತ್ತು 230ರ ನಡುವೆ ಬೀಳುತ್ತವೆ. ಅಂದರೆ 400 ಆಯಾಮದ ಊರಿನಲ್ಲಿ ಹತ್ತಿರದ ಮನೆ, ದೂರದ ಮನೆ ಎಂಬ ಭೇದವೇ ಅಳಿಸಿಹೋಗಿ ಎಲ್ಲರೂ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ದೂರ. ನಮ್ಮ ಮೂರು ಆಯಾಮದ ಅನುಭವದಿಂದ ಇದನ್ನು ಯಾರೂ ಊಹಿಸಲಾರರು, ಲೆಕ್ಕ ಮಾತ್ರ ಹೇಳಬಲ್ಲದು. ನೇಯಲು ಯೋಗ್ಯವಾದ ಕಾರ್ಡುಗಳು ಹೀಗೆ ಚೆದುರಿರುವುದಿಲ್ಲ. ಹೂವಿನ ಒಂದು ಸಾಲಿನ ಪಕ್ಕದ ಸಾಲು ಹೆಚ್ಚೇನೂ ಬೇರೆಯಲ್ಲ. ಆ ಅಗಾಧ ಘನದೊಳಗೆ ಚೆಂದದ ಚಾದರಗಳೆಲ್ಲ ಒಂದು ಸಣ್ಣ ಓಣಿಯಲ್ಲಿ ವಾಸವಾಗಿವೆ. ಮುಖ ಗುರುತಿಸುವ, ಮಾತು ಅರಿಯುವ ಇಂದಿನ ಯಂತ್ರಗಳು ಮಾಡುವುದು ಇಂಥ ಓಣಿ ಹುಡುಕುವ ಕೆಲಸವನ್ನೇ. ಅಂದಹಾಗೆ ಸಾಲು ಹಿಡಿದೇ ಹೋಗಬೇಕಾದ ಜೀವಕ್ಕೆ ಈ ಘನದಲ್ಲಿ 399 ತಿರುವುಗಳವರೆಗೂ ಬೇಕಾದೀತು. ಅದಕ್ಕೆ ಹೆಸರಿಡಲು ಯಾವ ಎತ್ತೂ ಸಿಗದು.

ಇದೆಲ್ಲ ಸಂಖ್ಯೆಯ ಆಯಾಮವಾಯಿತು, ನಡೆದಾಡುವ ಜಾಗದ ಮಾತೇನು ಎಂದು ಕೇಳಬಹುದು. ನಾಲ್ಕನೇ ದಿಕ್ಕೊಂದು ನಿಜವಾಗಿಯೂ ಇದ್ದಿದ್ದರೆ ಸೊಲ್ಲಾಪುರಕ್ಕೆ ಮೊದಲು ಆಗುತ್ತಿದ್ದ ನಷ್ಟ ಚಾದರದ್ದು. ನೂಲಿನ ಗಂಟು ಮೂರು ಆಯಾಮದಲ್ಲಿ ಮಾತ್ರ ನಿಲ್ಲುತ್ತದೆ. ಎಳೆಯ ಮೇಲೆ ಎಳೆ ಹಾಯುವಲ್ಲಿ ಒಂದನ್ನು ಆ ಹೊಸ ದಿಕ್ಕಿಗೆ ಚೂರು ಸರಿಸಿ, ದಾಟಿಸಿ, ಮತ್ತೆ ಕೆಳಗಿಳಿಸಿದರೆ ಮುಗಿಯಿತು. ಒಂದೂ ಎಳೆ ಹರಿಯದೆ ಗಂಟು ಬಿಚ್ಚಿಕೊಳ್ಳುತ್ತದೆ. ಹಾಸು ಹೊಕ್ಕು ಒಂದನ್ನೊಂದು ಹಿಡಿಯುವುದೇ ಇಲ್ಲ. ಅಲ್ಲಿ ನೇಯಬೇಕೆಂದರೆ ನೂಲು ಸಾಲದು, ಹಾಳೆಗಳನ್ನೇ ಹೆಣೆಯಬೇಕು. ಗ್ರಹಗಳ ಕಥೆಯೂ ಹಾಗೆಯೇ. ಜಾಗಕ್ಕೆ ನಾಲ್ಕು ಆಯಾಮವಿದ್ದರೆ ಗುರುತ್ವ ದೂರದ ವರ್ಗಕ್ಕೆ ಬದಲು ಘನಕ್ಕೆ ತಕ್ಕಂತೆ ಇಳಿಯುತ್ತದೆ, ಸೂರ್ಯನ ಸುತ್ತ ಭೂಮಿಯ ದಾರಿ ಒಂದು ಸಣ್ಣ ತಳ್ಳಿಗೇ ಕೆಡುತ್ತದೆ ಎಂದು ಪಾಲ್ ಎಹ್ರೆನ್‌ಫೆಸ್ಟ್ 1917ರಲ್ಲಿ ತೋರಿಸಿದ.

ಗಂಟಿನ ಈ ಗಣಿತವನ್ನು ನಂಬಿ ಮೋಸಹೋದವನೂ ಉಂಟು. 1877–78ರಲ್ಲಿ ಲೈಪ್ಸಿಗ್‌ನ ಖಗೋಳಜ್ಞ ಯೋಹಾನ್ ಝೋಲ್ನರ್, ಹೆನ್ರಿ ಸ್ಲೇಡ್ ಎಂಬ ಅಮೆರಿಕದ ಪ್ರೇತಮಾಧ್ಯಮಿಯನ್ನು ಕೂರಿಸಿಕೊಂಡು, ತುದಿಗಳಿಗೆ ಮುದ್ರೆಯೊತ್ತಿದ ಹುರಿಯಲ್ಲಿ ಗಂಟು ಬಿದ್ದದ್ದನ್ನು ಕಂಡು, ಆತ್ಮಗಳು ನಾಲ್ಕನೇ ಆಯಾಮದಲ್ಲಿವೆ ಎಂದು ಪುಸ್ತಕ ಬರೆದ. ಸ್ಲೇಡ್ ಅದಕ್ಕೆ ಸ್ವಲ್ಪ ಮೊದಲೇ ಲಂಡನ್ನಿನಲ್ಲಿ ವಂಚನೆಯ ಮೊಕದ್ದಮೆ ಎದುರಿಸಿದ್ದ. ಅದೇ 1878ರಲ್ಲಿ ಇತ್ತ ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರು ಸಮಾಧಿಸ್ಥರಾದರು. ವಟವೃಕ್ಷದ ಗುಡಿಗೆ ಬರುವ ಭಕ್ತರಿಗೆ ತಮ್ಮ ನಂಬಿಕೆಗೆ ಆಯಾಮದ ಸರ್ಟಿಫಿಕೇಟು ಬೇಕಾಗಿಲ್ಲ. ಧ್ಯಾನದಲ್ಲಿ ಐದನೇ ಆಯಾಮ ತೆರೆಯುತ್ತದೆ ಎಂದು ಮಾರುವವರಿಗಷ್ಟೇ ಅದು ಬೇಕು. ಶರಣರ ಬಯಲನ್ನೂ ಅವರು ಈ ಅಂಗಡಿಗೆ ತಂದಿಟ್ಟಿದ್ದಾರೆ. ಬಯಲಿಗೆ ಅಳತೆ ಇಲ್ಲ, ಆಯಾಮಕ್ಕೆ ಅಳತೆಯೇ ಜೀವ. ಎರಡನ್ನೂ ಅವರವರ ಮನೆಯಲ್ಲಿ ಬಿಡುವುದು ಮೇಲು.

ಹಾಗಾದರೆ ನಾಲ್ಕು ಆಯಾಮವನ್ನು ಯಾರೂ ಕಂಡೇ ಇಲ್ಲವೇ? ಹತ್ತಿರ ಹೋದವಳು ಒಬ್ಬಳು. ಅಲಿಸಿಯಾ ಬೂಲ್, 1860ರಲ್ಲಿ ಹುಟ್ಟಿದವಳು. ಅಪ್ಪ ತರ್ಕಗಣಿತದ ಜಾರ್ಜ್ ಬೂಲ್. ತಾಯಿ, ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟನ ತಮ್ಮನ ಮಗಳು. ಅಲಿಸಿಯಾ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಅಕ್ಕನ ಗಂಡ ಚಾರ್ಲ್ಸ್ ಹಿಂಟನ್ ಬಣ್ಣದ ಮರದ ಘನಗಳನ್ನು ಜೋಡಿಸಿ ನಾಲ್ಕನೇ ಆಯಾಮ ಕಲಿಸಲು ಹೊರಟಿದ್ದ. ಟೆಸರಾಕ್ಟ್ ಎಂಬ ಹೆಸರು ಅವನದೇ. ಅವನ ಘನಗಳಿಂದ ಅವನಿಗಿಂತ ಹೆಚ್ಚು ಕಲಿತವಳು ಅಲಿಸಿಯಾ. ಎಲ್ಲ ಮುಖಗಳೂ ಮೂಲೆಗಳೂ ಸಮನಾದ ನಿಯತ ಘನಾಕೃತಿಗಳು ಮೂರು ಆಯಾಮದಲ್ಲಿ 5, ನಾಲ್ಕರಲ್ಲಿ 6, ಐದರಿಂದ ಮುಂದೆ ಎಷ್ಟೇ ಹೋದರೂ ಬರೀ 3. ಆ ಆರನ್ನು ಸ್ವಿಟ್ಜರ್ಲೆಂಡಿನ ಶ್ಲಾಫ್ಲಿ ಮೊದಲೇ ಕಂಡಿದ್ದ. ಅವಳಿಗೆ ಅದರ ಸುಳಿವಿರಲಿಲ್ಲ, ತಾನೇ ಹುಡುಕಿದಳು. ಪ್ರತಿಯೊಂದನ್ನೂ ನಮ್ಮ ಮೂರು ಆಯಾಮದ ಜಾಗ ಹೋಳು ಮಾಡಿದರೆ ಸಿಗುವ ಆಕಾರಗಳನ್ನು ರಟ್ಟಿನಲ್ಲಿ ಕತ್ತರಿಸಿ ಮಾಡಿಟ್ಟಳು. 1914ರಲ್ಲಿ ಗ್ರೋನಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅವಳಿಗೆ ಅದು ಕಾಣುತ್ತಿತ್ತೋ ಎಂಬುದನ್ನು ಅವಳೇ ಹೇಳಬೇಕು. ನಮಗೆ ಕಾಣುವುದು ರಟ್ಟಿನ ಹೋಳುಗಳು.

ಕಾಲವೇ ನಾಲ್ಕನೆಯದು ಎಂದು ಅವಸರದಲ್ಲಿ ಹೇಳಿ ಮುಗಿಸುವವರು ಬಹಳ. ಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ನಂದಿಧ್ವಜದ ಹತ್ತಿರ ಸಿಗೋಣ ಎಂದರೆ ಎಲ್ಲಿ ಎಂಬುದಕ್ಕೆ ಮೂರು ಸಂಖ್ಯೆ, ಎಷ್ಟು ಹೊತ್ತಿಗೆ ಎಂಬುದಕ್ಕೆ ಒಂದು. ಇಷ್ಟು ತಿಳಿಯಲು ಐನ್‌ಸ್ಟೈನ್ ಬೇಕಾಗಿರಲಿಲ್ಲ. ಉಪಾಧ್ಯೆಯವರು 1935ರಲ್ಲಿ ಸಂಪಾದಿಸಿದ ಕುಂದಕುಂದರ ‘ಪ್ರವಚನಸಾರ’ಕ್ಕೆ ಅಮೃತಚಂದ್ರನ ವ್ಯಾಖ್ಯೆ ಇದೆ. ವಸ್ತುವಿಗೆ ಎರಡು ಬಗೆಯ ಒಟ್ಟಣೆ ಎನ್ನುತ್ತದೆ ಅದು: ಜಾಗದ ಪ್ರದೇಶಗಳು ಅಡ್ಡಡ್ಡ ಕೂಡುವ ತಿರ್ಯಕ್ ಪ್ರಚಯ, ಕ್ಷಣಗಳು ಒಂದರ ಮೇಲೊಂದು ಪೇರುವ ಊರ್ಧ್ವ ಪ್ರಚಯ. ಕಾಲಕ್ಕೆ ಮಾತ್ರ ಅಡ್ಡ ಒಟ್ಟಣೆ ಇಲ್ಲ, ಕಾಲಾಣುಗಳು ರತ್ನದ ರಾಶಿಯಂತೆ ಒಂದಕ್ಕೊಂದು ಅಂಟದೆ ಇರುತ್ತವೆ. ಕಾಲವನ್ನು ಎತ್ತರದಂತೆ ಎಣಿಸುವ ಈ ಚಿತ್ರ ಅಚ್ಚುಕಟ್ಟಾದದ್ದು. ಆದರೆ ಇಲ್ಲಿ ಅಡ್ಡದ್ದು ಅಡ್ಡ, ಉದ್ದದ್ದು ಉದ್ದ. ಒಂದು ಇನ್ನೊಂದರೊಳಗೆ ಸೇರುವುದಿಲ್ಲ.

1908ರ ಸೆಪ್ಟೆಂಬರ್ 21ರಂದು ಕಲೋನ್ ನಗರದಲ್ಲಿ ಹರ್ಮನ್ ಮಿಂಕೊವ್‌ಸ್ಕಿ ಹೇಳಿದ ಹೊಸ ಸಂಗತಿ ಸೇರುತ್ತದೆ ಎಂಬುದೇ. ಜ್ಯೂರಿಕ್‌ನಲ್ಲಿ ಐನ್‌ಸ್ಟೈನ್‌ಗೆ ಗಣಿತ ಹೇಳಿದ್ದವನು ಅವನು. ಒಬ್ಬನ ಕಾಲದಲ್ಲಿ ಇನ್ನೊಬ್ಬನ ಜಾಗದ ಪಾಲಿದೆ. ಇಬ್ಬರಿಗೂ ಬದಲಾಗದೆ ಉಳಿಯುವುದು ಒಂದು ದೂರ ಮಾತ್ರ. ಅದಕ್ಕೆ ಕಾಲದ ವರ್ಗಕ್ಕೆ ಜಾಗದ ವರ್ಗವನ್ನು ಕೂಡಿಸುವುದಲ್ಲ, ಅದರಿಂದ ಕಳೆಯಬೇಕು. ಒಂದು ಸೆಕೆಂಡನ್ನು ಬೆಳಕು ಆ ಹೊತ್ತಿನಲ್ಲಿ ಓಡುವ 3 ಲಕ್ಷ ಕಿಲೋಮೀಟರಿಗೆ ಸಮ ಎಂದು ಎಣಿಸಬೇಕು. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರ್, ಎಸ್.ಟಿ. ಬಸ್ಸು ಒಂದು ತಾಸು ತೆಗೆದುಕೊಂಡಿತೆನ್ನಿ. ಪ್ರಯಾಣಿಕ ಅಡ್ಡಕ್ಕೆ ಹೋದದ್ದು 40 ಕಿಲೋಮೀಟರ್, ಮೇಲಕ್ಕೆ ಹೋದದ್ದು 108 ಕೋಟಿ ಕಿಲೋಮೀಟರ್. ದಾರಿ ಕೂದಲೆಳೆಯಷ್ಟೂ ವಾಲಲಿಲ್ಲ. ವಾಲಿದ್ದಕ್ಕೆ ಲೆಕ್ಕವಂತೂ ಇದೆ. ಊರುಗಳ ಎತ್ತರ, ಭೂಮಿಯ ತಿರುಗಾಟ ಬದಿಗಿಟ್ಟರೆ, ಬಸ್ಸಿನಲ್ಲಿ ಕೂತವನ ಗಡಿಯಾರ ಸ್ಟ್ಯಾಂಡಿನಲ್ಲಿ ನಿಂತವನದಕ್ಕಿಂತ ಹಿಂದೆ ಬೀಳುವುದು ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಎರಡೂವರೆ ಪಾಲು. ನಾಲ್ಕನೇ ಆಯಾಮ ನಮಗೆ ಕಾಣದಿರುವುದು ಅದು ಗೂಢವಾಗಿರುವುದರಿಂದಲ್ಲ, ಬಸ್ಸು ನಿಧಾನವಾಗಿರುವುದರಿಂದ.

ಕಳೆಯುವ ಗುರುತನ್ನು ಕೂಡಿಸುವುದಾಗಿ ಮಾಡಿಕೊಳ್ಳಲು ಮೊದಲ ತಲೆಮಾರಿನವರು ಕಾಲವನ್ನು ಋಣ ಒಂದರ ವರ್ಗಮೂಲದಿಂದ ಗುಣಿಸಿ ಬರೆಯುತ್ತಿದ್ದರು. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಬರೆದಿಟ್ಟವನು ಇದೇ ಮಹಾವೀರಾಚಾರ್ಯ. ಅವನಿಗೆ ಗೊತ್ತಿದ್ದ ಸಂಖ್ಯೆಗಳ ಮಟ್ಟಿಗೆ ಅದು ಸರಿ. ಈಗಿನ ಪುಸ್ತಕಗಳೂ ಆ ಉಪಾಯ ಬಿಟ್ಟು ಕಳೆಯುವ ಗುರುತನ್ನೇ ನೇರವಾಗಿ ಬರೆಯುತ್ತವೆ.

ಈ ನಾಲ್ಕು ಆಯಾಮದ ಹಾಸು ಸಮನಾಗಿಲ್ಲ, ಸೂರ್ಯನಂಥ ಭಾರದ ಬಳಿ ಬಾಗುತ್ತದೆ ಎಂದು ಐನ್‌ಸ್ಟೈನ್ ಹೇಳಿದ್ದು 1915ರಲ್ಲಿ. ಸೂರ್ಯನ ಅಂಚಿಗೆ ತಾಗಿ ಬರುವ ನಕ್ಷತ್ರದ ಬೆಳಕು 1.75 ವಿಕಲೆಯಷ್ಟು ಬಾಗಬೇಕು. ವಿಕಲೆ ಎಂದರೆ ಒಂದು ಡಿಗ್ರಿಯ 3,600ನೇ ಪಾಲು. ಇದನ್ನು ಅಳೆದವರಲ್ಲಿ ಒಬ್ಬನ ಹೆಜ್ಜೆ ಸೊಲ್ಲಾಪುರ ಜಿಲ್ಲೆಯಲ್ಲೂ ಮೂಡಿತ್ತು. 1898ರ ಜನವರಿ 22ರ ಪೂರ್ಣ ಸೂರ್ಯಗ್ರಹಣದ ನೆರಳು ಕೊಂಕಣದ ವಿಜಯದುರ್ಗದಿಂದ ಈಶಾನ್ಯಕ್ಕೆ ಹಾಯ್ದು ಜೇವೂರಿನ ಮೇಲೆ ಹೋಯಿತು. ಅಕ್ಕಲಕೋಟೆ ತಾಲ್ಲೂಕಿನ ಜೇವೂರಲ್ಲ, ರೈಲು ನಿಲ್ಲುವ ಕರಮಾಳಾ ತಾಲ್ಲೂಕಿನದು. ಮುಂಬಯಿ ಪ್ರಾಂತಕ್ಕೆ ಪ್ಲೇಗು ಹಬ್ಬಿದ್ದ ಕಾಲ. ಪುಣೆಯ ವೀಕ್ಷಣಾಲಯದ ಕಾವಸ್ಜಿ ದಾದಾಭಾಯಿ ನಾಯಗಾಮವಾಲಾ ಅಲ್ಲಿ ಬಿಡಾರ ಹೂಡಿದ್ದರು. ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಿಂದ ವಿಲಿಯಂ ವ್ಯಾಲೇಸ್ ಕ್ಯಾಂಪ್‌ಬೆಲ್ ಬಂದಿದ್ದ, ಜೊತೆಗೆ 40 ಅಡಿ ಉದ್ದದ ಕ್ಯಾಮೆರಾ. ಎರಡು ನಿಮಿಷದ ಕತ್ತಲಲ್ಲಿ ಸೂರ್ಯನ ಪ್ರಭಾವಲಯದ ಚಿತ್ರ ತೆಗೆದ. ಬೆಳಕು ಬಾಗುವುದನ್ನು ಅಳೆಯುವ ವಿಚಾರ ಆಗ ಅಲ್ಲಿ ಯಾರ ತಲೆಯಲ್ಲೂ ಇರಲಿಲ್ಲ. ಐನ್‌ಸ್ಟೈನ್ ಇನ್ನೂ ವಿದ್ಯಾರ್ಥಿ.

ಆ ವಿಚಾರ ಬಂದ ಮೇಲೆ ಕ್ಯಾಂಪ್‌ಬೆಲ್ ಬಿಡಲಿಲ್ಲ. 1914ರಲ್ಲಿ ಕೀವ್ ಬಳಿ ಮೋಡ ಕವಿಯಿತು, ಅದರ ಮೇಲೆ ಯುದ್ಧ ಆಗಲೇ ಶುರುವಾಗಿದ್ದರಿಂದ ಉಪಕರಣಗಳು ಅಲ್ಲೇ ಸಿಕ್ಕಿಕೊಂಡವು. 1918ರಲ್ಲಿ ಅಮೆರಿಕದಲ್ಲೇ ಗ್ರಹಣವಾದಾಗ ಸರಿಯಾದ ಉಪಕರಣ ಕೈಯಲ್ಲಿರಲಿಲ್ಲ. 1919ರಲ್ಲಿ ಎಡಿಂಗ್ಟನ್ ಮತ್ತವನ ಸಂಗಡಿಗರ ಅಳತೆ ಐನ್‌ಸ್ಟೈನನನ್ನು ಮನೆಮಾತಾಗಿಸಿತು. ಅನುಮಾನ ಪೂರ್ತಿ ಹೋಗಲಿಲ್ಲ. 1922ರ ಸೆಪ್ಟೆಂಬರ್ 21, ಮಿಂಕೊವ್‌ಸ್ಕಿಯ ಉಪನ್ಯಾಸಕ್ಕೆ ಸರಿಯಾಗಿ 14 ವರ್ಷ: ಆಸ್ಟ್ರೇಲಿಯಾದ ಪಶ್ಚಿಮ ತೀರದ ವಾಲಾಲ್‌ನಲ್ಲಿ ಕ್ಯಾಂಪ್‌ಬೆಲ್ ಮತ್ತು ರಾಬರ್ಟ್ ಟ್ರಂಪ್ಲರ್ ಫಲಕಗಳನ್ನು ಒಡ್ಡಿದರು. ತಿಂಗಳುಗಟ್ಟಲೆ ಅಳೆದ ಮೇಲೆ 1923ರಲ್ಲಿ ಬಂದ ಉತ್ತರ 1.72 ವಿಕಲೆ, ತಪ್ಪಿದರೆ 0.11ರಷ್ಟು ಆಚೀಚೆ. ಫಲ ಇದಕ್ಕೆ ವಿರುದ್ಧವಾಗಿ ಬರಬಹುದೆಂದು ನಿರೀಕ್ಷಿಸಿದ್ದ ಕ್ಯಾಂಪ್‌ಬೆಲ್ ಬಂದದ್ದನ್ನು ಬಂದ ಹಾಗೇ ಪ್ರಕಟಿಸಿದ.

ಐದನೇ ಆಯಾಮದ ಕಥೆಯನ್ನು ಬೇಗ ಹೇಳಿಬಿಡಬಹುದು. ಥಿಯೊಡೋರ್ ಕಲೂಜಾ 1921ರಲ್ಲಿ ಜಾಗಕ್ಕೆ ಇನ್ನೊಂದು ಆಯಾಮ ಸೇರಿಸಿ ಗುರುತ್ವದ ಸಮೀಕರಣ ಬರೆದಾಗ ಅದರೊಳಗೆ ವಿದ್ಯುತ್ಕಾಂತದ ಸಮೀಕರಣವೂ ತಾನಾಗಿ ಬಂದು ಕೂತಿತು. ಆ ಆಯಾಮ ಯಾಕೆ ಕಾಣುವುದಿಲ್ಲ ಎಂಬುದಕ್ಕೆ ಆಸ್ಕರ್ ಕ್ಲೈನ್ 1926ರಲ್ಲಿ ಉತ್ತರ ಕೊಟ್ಟ: ಅದು ಸುರುಳಿ ಸುತ್ತಿಕೊಂಡಿದೆ, ಸುತ್ತಳತೆ ಒಂದು ಸೆಂಟಿಮೀಟರನ್ನು ಹತ್ತರಿಂದ ಮೂವತ್ತು ಸಲ ಭಾಗಿಸಿದಷ್ಟು. ತಂತುಸಿದ್ಧಾಂತದವರು ಹತ್ತು, ಹನ್ನೊಂದು ಆಯಾಮಗಳವರೆಗೆ ಹೋದರು. ಒಂದೂ ಪ್ರಯೋಗದಲ್ಲಿ ಸಿಕ್ಕಿಲ್ಲ.

1998ರಲ್ಲಿ ಅರ್ಕಾನಿ ಹಮೆದ್, ಡಿಮೊಪೌಲಸ್, ದ್ವಾಲಿ ಎಂಬ ಮೂವರು ಒಂದು ಮುಜುಗರದ ಸಂಗತಿ ಎತ್ತಿದರು. ಒಂದು ಮಿಲಿಮೀಟರಿಗಿಂತ ಹತ್ತಿರದಲ್ಲಿ ಗುರುತ್ವ ಹೇಗೆ ನಡೆದುಕೊಳ್ಳುತ್ತದೆ ಎಂದು ಅಲ್ಲಿಯವರೆಗೆ ಯಾರೂ ಸರಿಯಾಗಿ ಅಳೆದೇ ಇರಲಿಲ್ಲ. ಚಾದರದ ನೂಲಿನ ದಪ್ಪದಷ್ಟು ದೊಡ್ಡ ಆಯಾಮವೊಂದು ಜೊತೆಗೇ ಇದ್ದಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇದ್ದರೆ ಆ ಅಳತೆಗಿಂತ ಹತ್ತಿರ ಹೋದಾಗ ಗುರುತ್ವ ದೂರದ ವರ್ಗದ ನಿಯಮ ಬಿಟ್ಟು ಇನ್ನೂ ವೇಗವಾಗಿ ಏರಬೇಕು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ತಂತಿಗೆ ಲೋಹದ ಬಿಲ್ಲೆ ತೂಗುಹಾಕಿ, ಅದರ ಕೆಳಗೆ ಇನ್ನೊಂದು ಬಿಲ್ಲೆ ತಿರುಗಿಸಿ, ತಂತಿ ಎಷ್ಟು ತಿರುಚುತ್ತದೆಂದು ನೋಡುತ್ತ ಬಂದರು. 2020ರಲ್ಲಿ ಎರಡರ ನಡುವಿನ ಸಂದನ್ನು 52 ಮೈಕ್ರಾನಿಗೆ, ಅಂದರೆ ಮಿಲಿಮೀಟರಿನ ಸುಮಾರು 20ನೇ ಪಾಲಿಗೆ ಇಳಿಸಿ ಅಳೆದರು. ಅಲ್ಲಿಯವರೆಗೂ ವರ್ಗದ ನಿಯಮವೇ ನಡೆಯಿತು. ನೂಲಿನ ದಪ್ಪದ ಆಯಾಮ ಇಲ್ಲ.